ಹೂಂ ಅಂದವರು ಯಾರು?

ಗ್ರೆಯಮ್ ಸುಳ್ಳು ಹೇಳುತ್ತಿದ್ದಾನೆ. ಲೊರೆಟ್ಟಾಗೆ ಅದರಲ್ಲಿ ಸಂಶಯವೇ ಉಳಿದಿರಲಿಲ್ಲ.

ಭೂಮಿಯನ್ನು ಬಿಸಿಯೇರಿಸುವ ಅನಿಲ ಸೋರಿಕೆಗೆ ಕಡಿವಾಣ ಹಾಕುವ ಮಸೂದೆ ಕ್ಯಾನ್‌ಬೆರಾದಲ್ಲಿ ಬಿದ್ದುಹೋಗಿತ್ತು. ಬೀಳಿಸಿದ್ದು ಅನಿಲ ಕಂಪನಿಗಳ ಸಂಘ. 'ನಮ್ಮ ಸದಸ್ಯರೆಲ್ಲರೂ ಇದಕ್ಕೆ ವಿರುದ್ಧ' ಎಂದು ಮಂತ್ರಿಗಳ ಕಿವಿಯೂದಿ ಬೀಳಿಸಿತ್ತು. ಲೊರೆಟ್ಟಾ, ಗ್ರೆಯಮ್ ಇಬ್ಬರೂ ದುಡಿಯುವ ಕಂಪನಿಯೂ ಅದರ ಸದಸ್ಯ. ಕಂಪನಿಯಲ್ಲಿ ಹವಾಮಾನ ಬದಲಾವಣೆಯ ವಿಷಯ ನೋಡಿಕೊಳ್ಳುವವಳು ಲೊರೆಟ್ಟಾ. ಸಂಘದಲ್ಲಿ ಕಂಪನಿಯ ಪರವಾಗಿ ಯಾರು ಏನು ಹೇಳಿದರೆಂದು ನಾಳೆ ಷೇರುದಾರರಿಗೆ ತಿಳಿಸಬೇಕಾದವಳೂ ಅವಳೇ.

"ನಮ್ಮವರು ಯಾರೂ ಅಲ್ಲಿ ಬಾಯೇ ಬಿಟ್ಟಿಲ್ಲ," ಎಂದ ಮೇಲಧಿಕಾರಿ ಗ್ರೆಯಮ್, ಮೀಟ್ ಪೈ ಕಚ್ಚುತ್ತಾ. "ಹಾಗೇ ಹೇಳಿಬಿಡು."

"ಮತ್ತೆ ನಮ್ಮ ಒಪ್ಪಿಗೆ ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?"

ಅವನು ಅವಳ ಮುಖವನ್ನೇ ನೋಡಿದ. ಏನೋ ಹೇಳಹೊರಟವನು ಮತ್ತೆ ಪೈ ಕಚ್ಚಿದ.

ಅವಳು ಅಷ್ಟಕ್ಕೇ ಬಿಡುವಂತಿರಲಿಲ್ಲ. ಅವಳ ಮನೆಯವರ ಊರಾದ ಸೈಬಾಯ್ ದ್ವೀಪದಲ್ಲಿ, ವರ್ಷವರ್ಷವೂ ಏರುತ್ತಿರುವ ಸಮುದ್ರ ಅಜ್ಜಿಯ ಸಮಾಧಿಗೆ ಮತ್ತೆ ನುಗ್ಗಿತ್ತು. ಡುಲ್ಸೀ ಆಂಟಿ ಅಲ್ಲಿಂದ ಫೋನ್ ಮಾಡಿ ಒಂದೇ ಮಾತು ಕೇಳಿದ್ದಳು: "ಆ ಮಸೂದೆ ಬೀಳ್ಸೋಕೆ ನಿಮ್ಮಲ್ಲಿ ಹೂಂ ಅಂದೋರು ಯಾರೇ? ನಂಗೆ ಹೆಸರು ಬೇಕು." ಲೊರೆಟ್ಟಾ ಮಾತು ಕೊಟ್ಟಿದ್ದಳು.

ಮೊದಲು ಸಂಘದ ಸಭೆಗಳಿಗೆ ಕಂಪನಿ ಅವಳನ್ನೇ ಕಳಿಸಿತ್ತು. ಅಲ್ಲಿನವರ ಮಾತು ಕೇಳಿ ರೇಗಿ, ಅರ್ಧದಲ್ಲೇ ಎದ್ದು ಬಂದಿದ್ದಳು. ಅಂಥವರ ಪಕ್ಕ ಕೂರುವುದೂ ಬೇಡ, ಮಸಿ ಬಳಿಸಿಕೊಳ್ಳುವುದೂ ಬೇಡ ಎಂದು ಮತ್ತೆಂದೂ ಆ ಕಡೆ ತಲೆ ಹಾಕಿರಲಿಲ್ಲ. ಆ ಜಾಗಕ್ಕೆ ಗ್ರೆಯಮ್ ತನ್ನ ಬಾಲಬಡುಕ ಯಾವನನ್ನೋ ತುರುಕಿರಬೇಕು. ಅವನ ಹೆಸರು ಹಿಡಿದೇ ತೀರಬೇಕೆಂದು ಸಂಘದ ಕಚೇರಿಗೆ ಹೋದಳು.

ಅಲ್ಲಿ ಸಭೆಗಳ ಏರ್ಪಾಡು ನೋಡುವ ಬೆವ್ ಚಹಾಕ್ಕೆ ನೀರಿಟ್ಟಳು.

"ನಮ್ಮ ಕಂಪನಿಯಿಂದ ಕೈ ಎತ್ತಿದ್ದು ಯಾರು ಬೆವ್?"

"ಕೈ ಎತ್ತೋದೆಲ್ಲ ಇಲ್ಲಿಲ್ಲ ಕಣಮ್ಮ. ಬೇಡ ಅನ್ನೋರು ಬಂದು ಬೇಡ ಅನ್ಬೇಕು. ಬರ್ಲಿಲ್ಲ ಅಂದ್ರೆ ಒಪ್ಕೊಂಡ್ರು ಅಂತ. ಒಬ್ಬರೇ ಒಬ್ಬರು ಬೇಡ ಅಂದಿದ್ರೂ ಸಾಕಿತ್ತು, ಮಂತ್ರಿಗಳ ಹತ್ರ 'ಎಲ್ಲರೂ' ಅನ್ನೋಕೆ ಸಂಘಕ್ಕೆ ಬಾಯಿ ಬರ್ತಿರ್ಲಿಲ್ಲ."

"ಹಾಳು ಪದ್ಧತಿ! ಬರದೇ ಕೂತ ನಮ್ಮ ಆ ಪುಣ್ಯಾತ್ಮ ಯಾರು?"

ಬೆವ್ ಕಪಾಟಿನಿಂದ ಒಂದು ಹೆಸರಿನ ಫಲಕ ತಂದು ಅವಳ ಮುಂದಿಟ್ಟಳು. "ಪ್ರತಿ ಸಭೆಗೂ ಧೂಳು ಒರೆಸಿ ಕುರ್ಚಿ ಮುಂದೆ ಇಡ್ತೀನಿ. ಇವತ್ತಾದ್ರೂ ಬರ್ಬಹುದು ಅಂತ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಡುಲ್ಸೀ ಆಂಟಿ.

"ಹೆಸರು ಸಿಕ್ತೇನೇ?"

ಫಲಕದ ಮೇಲಿದ್ದುದನ್ನು ಅವಳು ಓದಿ ಹೇಳಿದಳು. "ಸಿಕ್ತು ಆಂಟಿ. ಲೊರೆಟ್ಟಾ."