ಸೊಂಟದ ತಾವರೆ

ಗಂಧಕದ ಮುಲಾಮಿನ ವಾಸನೆಗೆ ಈಗಲೂ ಕೌತಾಳಂನ ನಮ್ಮ ಬಚ್ಚಲು ನೆನಪಾಗುತ್ತದೆ. ಲಂಗದ ಲಾಡಿ ಬಿಗಿಯುವ ಕಡೆ ನನ್ನ ಸೊಂಟದ ಮೇಲೆ ಕೆಂಪು ಅಂಚಿನ ದುಂಡು ಕಲೆ ಎದ್ದಿತ್ತು. ಆದೋನಿಯ ಡಾಕ್ಟರು ನೋಡಿ, "ತಾಮರ ಅಮ್ಮಾ" ಎಂದರು. ಶಾಲೆಯ ತೆಲುಗು ಪುಸ್ತಕದಲ್ಲಿ ತಾಮರ ಎಂದರೆ ತಾವರೆ. ತೆಲುಗಿನಲ್ಲಿ ಹುಳಕಡ್ಡಿಗೂ ಅದೇ ಹೆಸರೆಂದು ತಿಳಿಯದ ನನಗೆ ಹೆಮ್ಮೆಯಾಯಿತು.

ಮನೆಗೆ ಬಂದ ಮೇಲೆ ಅವ್ವ ನನ್ನ ಲಂಗವನ್ನು ನೀರಲ್ಲಿ ಕುದಿಸಿದಳು. "ಹುಳಕಡ್ಡಿ ಅಂಟ್ತೈತಿ. ನಿನ್ನ ಟವಲ್ ಯಾರಿಗೂ ಕೊಡಬ್ಯಾಡ. ಮೈ ಒಣಗಿಸ್ಕೊಂಡೇ ಲಂಗ ಹಾಕ್ಕೋ" ಅಂದಳು.

ತಂಗಿಗೂ ತಾವರೆ ಬೇಕಿತ್ತು. ಅಂಟುತ್ತದೆ ಎಂದು ಅವ್ವನೇ ಹೇಳಿದ್ದಳಲ್ಲ. ಬಚ್ಚಲಲ್ಲಿ ನನ್ನ ಒದ್ದೆ ಟವಲಿನಿಂದ ಅವಳ ಸೊಂಟ ಉಜ್ಜಿದೆ.

ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಅವ್ವ ನನ್ನ ಲಂಗ ಕುದಿಸುತ್ತಿದ್ದ ಒಲೆಯ ಹತ್ತಿರ ತಂಗಿ ಓಡಿದಳು. "ಅವ್ವಾ, ನನಗೂ ಬಂತು! ಅಕ್ಕ ಕೊಟ್ಟಾಳ!"

ಅವ್ವ ನನ್ನ ಕಡೆ ನೋಡಲಿಲ್ಲ. ಕುದಿಯುವ ನೀರಿಗೆ ಎರಡನೆಯ ಲಂಗ ಹಾಕಿದಳು.