ಮಾವನಿಗೆ ಕೇಳದ ಪುಲ್ಲಿ

ಮಾವ ನರ್ಸಮ್ಮನ ಗಾಡಿಯ ಓಡುತ್ತಿದ್ದ ಎಂಜಿನ್ನಿನ ಮೇಲೆ ಬಾಗಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಆಲಿಸಿದರು. ಆಮೇಲೆ ನೆಟ್ಟಗೆ ನಿಂತು, "ಏನೂ ಸದ್ದಿಲ್ಲಮ್ಮ. ಧೈರ್ಯವಾಗಿ ಹೊರಡಿ," ಎಂದರು.

ನರ್ಸಮ್ಮ ಸೊಸೆಯ ಮುಖ ನೋಡಿದರು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಆ ಸದ್ದು ತಗಡಿನ ಮೇಲೆ ಮೊಳೆ ಎಳೆದಂತೆ ಕೇಳುತ್ತಿತ್ತು. ಹಲ್ಲು ಜುಮ್ಮೆನ್ನುವಂಥ ಸಣ್ಣ, ಚೂಪಾದ ಚೀರಾಟ. ನರ್ಸಮ್ಮ ಬಂದದ್ದೂ ಅದಕ್ಕೇ. ಬೇರೊಂದು ಕಡೆ ಬೆಲ್ಟ್ ಹೊಸದು ಹಾಕಿಸಿ ಹದಿನೈದು ದಿನ ಆಗಿರಲಿಲ್ಲ, ಮತ್ತೆ ಅದೇ ರಾಗ. ಸಂಜೆಯೊಳಗೆ ಅವರು ಗುಡ್ಡ ಹತ್ತಿ ಆಚೆಯ ಹಳ್ಳಿ ಸೇರಬೇಕಿತ್ತು. ಅಲ್ಲಿ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳು ಕಾಯುತ್ತಿದ್ದಳು. ದಾರಿಯುದ್ದಕ್ಕೂ ಫೋನ್ ಸಿಗುವುದಿಲ್ಲ.

"ಎಂಜಿನ್ ಆಫ್ ಮಾಡಿ ನರ್ಸಮ್ಮ," ಎಂದಳು ಸೊಸೆ. "ನನಗೊಂದು ಗಂಟೆ ಕೊಡಿ."

ಮಾವ ತಿರುಗಿದರು. ನಲವತ್ತು ವರ್ಷ ಬರೀ ಕಿವಿಯಿಂದಲೇ ಗಾಡಿಗಳ ಕಾಯಿಲೆ ಹೇಳಿದ ಮನುಷ್ಯ. ಸ್ವಂತ ಮಗ ಸ್ಪ್ಯಾನರ್ ಕಂಡರೆ ಮಾರು ದೂರ ಓಡುತ್ತಾನೆಂದು ಸೊಸೆಯನ್ನು ಕೂರಿಸಿಕೊಂಡು ಕೆಲಸ ಕಲಿಸಿದವರೂ ಅವರೇ. ಗಿರಾಕಿಯ ಎದುರಿಗೆ ಅವರ ಮಾತು ಮೀರಿ ಅವಳು ಇದುವರೆಗೆ ಉಸಿರೆತ್ತಿದ್ದಿಲ್ಲ.

"ಏನೂ ಇಲ್ಲ ಅಂದೆನಲ್ಲ ನಾನು."

"ಹೌದು ಮಾವ. ಆದ್ರೂ ಬಿಚ್ಚಿ ನೋಡ್ತೀನಿ. ಈ ಗಾಡೀನ ಹೀಗೇ ಗುಡ್ಡ ಹತ್ತಿಸೋಕೆ ಬಿಡಲ್ಲ."

ಅವಳ ದನಿ ಏರಲಿಲ್ಲ, ನಡುಗಲೂ ಇಲ್ಲ. ಮಾವ ಹೆಗಲ ಮೇಲಿನ ಎಣ್ಣೆಬಟ್ಟೆ ಕೊಡವಿ, "ಸರಿ, ಬಿಚ್ಚು. ನಾನೂ ನೋಡ್ತೀನಿ," ಎಂದು ಸ್ಟೂಲ್ ಎಳೆದುಕೊಂಡು ಕೂತರು.

ಎಂಜಿನ್ ತಣ್ಣಗಾದ ಮೇಲೆ ಸೊಸೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ತೋಳನ್ನು ಮೈಭಾರ ಬಿಟ್ಟು ಎಳೆದಳು. ಬೆಲ್ಟ್ ಸಡಿಲಾಯಿತು. ಹೊರಗೆ ತೆಗೆದು ನೋಡಿದರೆ ಬೆಲ್ಟ್ ಹೊಸದೇ, ಆದರೆ ಒಂದು ಅಂಚು ಹಳೇ ಲುಂಗಿಯ ಹಾಗೆ ಎಳೆ ಎಳೆಯಾಗಿತ್ತು. ತೋಳಿನ ತುದಿಯಲ್ಲಿದ್ದ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದಳು. ಅದು ಹಿಡಿತವೇ ಇಲ್ಲದಂತೆ ಗರಗರ ತಿರುಗಿತು. ಅಲುಗಿಸಿದರೆ ಬೀಳುವ ಹಲ್ಲಿನಂತೆ ಅಲುಗಿತು. ಅವಳು ನಡುವಿನ ಬೋಲ್ಟಿಗೆ ಸ್ಪ್ಯಾನರ್ ಇಡುವಷ್ಟರಲ್ಲಿ ಸ್ಟೂಲಿನ ಕಡೆಯಿಂದ, "ಬಲಕ್ಕೆ ತಿರುಗಿಸಿ ಬಿಚ್ಚು. ಆ ಬೋಲ್ಟ್ ಉಲ್ಟಾ," ಎಂಬ ಮಾತು ಬಂತು.

"ಗೊತ್ತು ಮಾವ. ನೀವೇ ಹೇಳ್ಕೊಟ್ಟಿದ್ದು."

ಬಿಚ್ಚಿದ ಪುಲ್ಲಿಯನ್ನು ಅವಳು ಅವರ ಅಂಗೈಯಲ್ಲಿಟ್ಟಳು. ಮಾವ ಹೆಬ್ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. ಮುಖ ನಿಧಾನವಾಗಿ ಬದಲಾಯಿತು.

"ಬೇರಿಂಗ್ ಪುಡಿಯಾಗಿದೆ," ಎಂದರು. "ದಾರೀಲಿ ಇದು ಕಚ್ಕೊಂಡಿದ್ರೆ ಬೆಲ್ಟ್ ಹರಿದು ಗಾಡಿ ಅಲ್ಲೇ ನಿಲ್ತಿತ್ತು." ಪುಲ್ಲಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, "ಇದು ಕೂಗ್ತಿತ್ತಾ?" ಎಂದು ಕೇಳಿದರು.

"ಹೂಂ ಮಾವ."

"ಜೋರಾಗಿ?"

ಸುಳ್ಳು ಹೇಳುವುದು ಸುಲಭವಿತ್ತು. "ಜೋರಾಗೇ," ಎಂದಳು.

"ಹೋದ ತಿಂಗಳು ಆ ಡಾಕ್ಟರ ಗಾಡೀನೂ ನಾನು ಹೀಗೇ ಸದ್ದಿಲ್ಲ ಅಂತ ಕಳಿಸಿದ್ದೆ."

"ಮಾರನೇ ದಿನ ನೀವು ಊಟಕ್ಕೆ ಹೋದಾಗ ಅದನ್ನ ತರಿಸಿ ಸರಿಮಾಡಿದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಾಯಿ ಬರಲಿಲ್ಲ. ಇವತ್ತು ಬಂತು."

ನರ್ಸಮ್ಮ ಬೀದಿಯ ಕಡೆ ಮುಖ ಮಾಡಿ ನಿಂತರು. ಮಾವ ಪುಲ್ಲಿಯನ್ನು ಕೈಯಿಂದ ಕೈಗೆ ಬದಲಿಸುತ್ತ ಕೂತರು. ಕೂಗಾಡುತ್ತಾರೋ, ಎದ್ದು ಮನೆಗೆ ನಡೆದುಬಿಡುತ್ತಾರೋ ಸೊಸೆಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯಲೂ ಇಲ್ಲ. ಬೀರುವಿನಿಂದ ಹೊಸ ಪುಲ್ಲಿ ತಂದು, ಹಳೆಯದರ ಪಕ್ಕ ಹಿಡಿದು ಅಳತೆ ನೋಡಿ, ಬೋಲ್ಟ್ ಬಿಗಿದಳು. ಎಳೆ ಬಿಟ್ಟ ಬೆಲ್ಟನ್ನು ಆಚೆಗಿಟ್ಟು ಬೇರೆಯದನ್ನು ಒಂದೊಂದೇ ಪುಲ್ಲಿಗೆ ಸುತ್ತಿಸಿ ತಂದು ಟೆನ್ಷನರ್ ಬಿಟ್ಟಳು. ಕೀಲಿ ತಿರುಗಿಸಲು ಹೊರಟವಳನ್ನು ಮಾವನ ಕೈ ತಡೆಯಿತು.

ಅವರು ಎದ್ದು ಬಂದು, ಕಣ್ಣಿಗೆ ಕಾಣದ ಕೆಳಗಿನ ಸಂದಿಗೆ ಕೈ ಇಳಿಬಿಟ್ಟು ಬೆರಳುಗಳಿಂದ ಬೆಲ್ಟಿನ ಅಂಚು ಸವರುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಕೆಳಗಿನ ಪುಲ್ಲೀಲಿ ಬೆಲ್ಟ್ ಒಂದು ಗೀರು ಪಕ್ಕಕ್ಕೆ ಕೂತಿದೆ. ಮತ್ತೆ ಸಡಿಲ ಮಾಡು, ನಾನು ಕೂರಿಸ್ತೀನಿ."

ಸೊಸೆ ಸ್ಪ್ಯಾನರ್ ಎಳೆದು ಹಿಡಿದಳು, ಮಾವ ಕೂರಿಸಿದರು. ಎಂಜಿನ್ ಶುರುವಾಯಿತು. ಅವಳು ಆಕ್ಸಿಲರೇಟರ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಚೀರಾಟದ ಸುಳಿವಿಲ್ಲ, ಒಂದೇ ಸಮನಾದ, ತುಂಬಿದ ಗುನುಗು ಮಾತ್ರ.

ನರ್ಸಮ್ಮ ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಹಳೆಯ ಅಭ್ಯಾಸದಂತೆ ಮಾವನ ಕಡೆಗೇ ತಿರುಗಿದರು. "ಸದ್ದು ಪೂರ್ತಿ ಹೋಯ್ತಾ ಯಜಮಾನ್ರೇ? ಇನ್ನು ಹೊರಡಬಹುದಾ?"

ಮಾವ ಎಣ್ಣೆಯ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡು, ಎಂಜಿನ್ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

"ಅದನ್ನ ಇನ್ಮೇಲೆ ಇವಳನ್ನ ಕೇಳಬೇಕು," ಎಂದರು.