ಎಡದಿಂದ ಮೂರನೆಯ ಸೈನಿಕ

ಅಂಗಡಿಯಲ್ಲಿ ಹೊಸ ಟಿವಿಗೆ ಅಂಟಿಸಿದ್ದ ತೆಳು ಹಾಳೆಯನ್ನು ಸೇಲ್ಸ್‌ಮನ್ ಸರ್ರನೆ ಎಳೆದಾಗ ಅಂಟಿನ ವಾಸನೆ ಬಂತು. ಕಂಡಕ್ಟರ್ ಕಣ್ಣು ಮುಚ್ಚಿ ಅದನ್ನು ಮೂಸಿದರು. ಹದಿಮೂರನೆಯ ವಯಸ್ಸಿನಲ್ಲಿ, ಸಿನಿಮಾದ ರಾಜನಿಗೆ ಸೈನಿಕನಾಗಲೆಂದು ಯಾರೋ ಅವರ ಮೂಗಿನ ಕೆಳಗೆ ಮೀಸೆ ಅಂಟಿಸಿದಾಗ ಬಂದದ್ದೂ ಇದೇ ವಾಸನೆ.

"ನೋಡಿದ್ಯೇನೇ, ಅದೇ ಗೋಂದು!" ಎಂದರು ಹೆಂಡತಿಗೆ.

"ಮೂಸಿದ್ದು ಸಾಕು ರೀ, ಟಿವಿ ನೋಡಿ."

ಬಸ್ಸಿನ ಕೆಲಸದಿಂದ ನಿವೃತ್ತರಾಗಿದ್ದರೂ ಅವರ ದನಿ ಇನ್ನೂ ಕೊನೆಯ ಸೀಟಿಗೆ ತಲುಪುವಂಥದ್ದು. ಆ ದನಿಯಲ್ಲೇ ಸೇಲ್ಸ್‌ಮನ್‌ಗೂ, ಫ್ರಿಡ್ಜ್ ಕೊಳ್ಳಲು ಬಂದವರಿಗೂ ಒಟ್ಟಿಗೆ ವಿಷಯ ತಿಳಿಸಿದರು. ಆ ಸಿನಿಮಾದ ದರ್ಬಾರಿನಲ್ಲಿ ಎಡದಿಂದ ಮೂರನೆಯ ಸೈನಿಕ ತಾವೇ. ಮನೆಯ ಹಳೆಯ ಟಿವಿಯಲ್ಲಿ ಸೈನಿಕರೆಲ್ಲ ಹಬೆ ಹಿಡಿದ ಕನ್ನಡಿಯೊಳಗಿನ ಮುಖಗಳಂತೆ ಕಾಣುತ್ತಾರೆ. ಹೋದ ತಿಂಗಳು ಬೀಗರು ಅದನ್ನು ನೋಡಿ, "ಈ ಮಂಜಿನಲ್ಲಿ ನಾನೂ ಎಲ್ಲೋ ಇರ್ಬೇಕು ಬಿಡಿ" ಎಂದು ನಕ್ಕಿದ್ದರು. ಅಳಿಯನೂ ನಕ್ಕಿದ್ದ. ಮಗಳು ನಗು ತಡೆಯಲಾರದೆ ಅಡುಗೆಮನೆಗೆ ಹೋಗಿದ್ದಳು. ಈಗ ಆ ಸಿನಿಮಾವನ್ನು ಚೊಕ್ಕ ಮಾಡಿ ಸಿನಿಮಾದವರೇ ಹೊಸ ಡಿಸ್ಕ್ ಹೊರತಂದಿದ್ದಾರೆ. ಭಾನುವಾರ ಮಧ್ಯಾಹ್ನ ಬೀಗರು ಮತ್ತೆ ಬರುತ್ತಿದ್ದಾರೆ.

"ನಿಮ್ಮಲ್ಲಿರೋದ್ರಲ್ಲೇ ಅತೀ ಸ್ಪಷ್ಟವಾದ್ದು ಹಾಕಿ. ಸೈನಿಕನ ರೆಪ್ಪೆಕೂದಲು ಎಣಿಸೋ ಹಾಗಿರ್ಬೇಕು."

"ಹಾಗಾದ್ರೆ ಟಿವಿ ಒಂದೇ ಸಾಲ್ದು ಸಾರ್. ಪ್ಲೇಯರೂ ತಕ್ಕದ್ದಿರ್ಬೇಕು," ಎಂದ ಸೇಲ್ಸ್‌ಮನ್. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ನಡುವಯಸ್ಸಿನವ. ಕಂಡಕ್ಟರ್ ತಂದಿದ್ದ ಸಿನಿಮಾದ ಡಬ್ಬಿಯಿಂದ ಹೆಚ್ಚು ಸ್ಪಷ್ಟವಾದ ಬ್ಲೂ-ರೇ ಡಿಸ್ಕನ್ನು ಅಂಚು ಹಿಡಿದು ತೆಗೆದು, ಅಂಗಡಿಯಲ್ಲೇ ಒಳ್ಳೆಯ ಪ್ಲೇಯರಿಗೆ ಹಾಕಿದ. ಟಿವಿಯ ಕಣ್ಣು ಕುಕ್ಕುವ ಬಣ್ಣ ಇಳಿಸಿ ಸಿನಿಮಾ ಮೋಡ್‌ಗೆ ತಂದ. ತಲೆಯ ಮೇಲಿನ ದೀಪಗಳನ್ನೂ ಆರಿಸಿದ. "ಇಲ್ಲಿ ಮುಂದೆ ಕೂತ್ಕೊಳ್ಳಿ. ದೂರ ಕೂತ್ರೆ ಇದರ ಗುಣ ಗೊತ್ತಾಗಲ್ಲ."

ದರ್ಬಾರು ಬಂತು. ಕಲ್ಲಿನ ಕಂಬದ ಬಣ್ಣ ಎದ್ದುಹೋದದ್ದು ಕಂಡಿತು, ರಾಜನ ಕಿರೀಟದ ರಟ್ಟು ಕಂಡಿತು. ಎಡದಿಂದ ಒಂದು, ಎರಡು, ಮೂರು. ಸೇಲ್ಸ್‌ಮನ್ ಚಿತ್ರವನ್ನು ಅಲ್ಲೇ ನಿಲ್ಲಿಸಿದ.

ಮೂರನೆಯ ಸೈನಿಕನಿಗೆ ನಲವತ್ತಕ್ಕೆ ಕಡಿಮೆ ಇರಲಿಲ್ಲ. ಮುಂದಿನ ಹಲ್ಲೊಂದು ಇರಲಿಲ್ಲ. ಮೀಸೆ ಮಾತ್ರ ಸ್ವಂತದ್ದು.

ಕಂಡಕ್ಟರ್ ಬಲದಿಂದ ಎಣಿಸಿದರು. ಆಮೇಲೆ ಹಿಂದಿನ ಸಾಲು ಎಣಿಸಿದರು. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಹುಡುಕುವಂತೆ ಒಂದೊಂದೇ ಮುಖ ನೋಡುತ್ತ ಹೋದರು. ಕೊನೆಗೆ, "ಇಲ್ಲಿ ಕುಡಿಯೋ ನೀರು ಎಲ್ಲಿದೆ?" ಎಂದು ಪಕ್ಕದವರಿಗೂ ಸರಿಯಾಗಿ ಕೇಳಿಸದ ದನಿಯಲ್ಲಿ ಕೇಳಿ, ಎದ್ದು ಹೋದರು.

ಅವರು ಫ್ರಿಡ್ಜ್‌ಗಳ ಸಾಲು ದಾಟುವವರೆಗೆ ಹೆಂಡತಿ ಕಾದರು.

"ಸುಳ್ಳು ಹೇಳೋ ಜೀವ ಅಲ್ಲಪ್ಪ ಅದು. ಬಿಸಿಲಲ್ಲಿ ದಿನಗಟ್ಟಲೆ ಈಟಿ ಹಿಡ್ಕೊಂಡು ನಿಂತಿದ್ದು ನಿಜ, ನಮ್ಮತ್ತೆಯವರೇ ಹೇಳ್ತಿದ್ರು. ಎಲ್ಲಿ ಕತ್ತರಿಸಿ ಬಿಸಾಕಿದ್ರೋ ಏನೋ." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಇದಕ್ಕಿಂತ ಸ್ವಲ್ಪ ಮಸುಕಾಗಿ ಕಾಣೋ ಟಿವಿ ಇದ್ಯಾ?"

ಸೇಲ್ಸ್‌ಮನ್ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಆಕೆಯನ್ನು ನೋಡಿದ.

"ಇದೆ ಅಮ್ಮ," ಎಂದ ತಗ್ಗಿದ ದನಿಯಲ್ಲಿ. "ಆದ್ರೆ ಟಿವಿ ಚಿಕ್ಕದಾದ್ರಷ್ಟೇ ಸಾಲ್ದು. ಪ್ಲೇಯರೂ ಸಾದಾದ್ದೇ ತಗೊಳ್ಳಿ. ಡಬ್ಬೀಲಿ ಇನ್ನೊಂದು ಡಿಸ್ಕ್ ಇದೆಯಲ್ಲ, ಸಾದಾ ಡಿವಿಡಿ, ಅದನ್ನೇ ಹಾಕಿ. ಮನೇಲಿ ಕಿಟಕಿ ಎಲ್ಲಿದೆ?"

"ಟಿವಿ ಎದುರಿಗೇ."

"ಬಹಳ ಒಳ್ಳೇದಾಯ್ತು. ಕರ್ಟನ್ ಎಳೀಬೇಡಿ, ಬಿಸಿಲು ಗಾಜಿನ ಮೇಲೇ ಬೀಳ್ಲಿ. ಬೀಗರ ಸೋಫಾನ ಹಿಂದಿನ ಗೋಡೆಗೆ ಒತ್ತಿ ಹಾಕಿ. ಅವರು ಕನ್ನಡಕ ಹಾಕ್ತಾರಾ?"

"ಹಾಕ್ಬೇಕು, ಆದ್ರೆ ಹಾಕಲ್ಲ. ವಯಸ್ಸಾದ ಹಾಗೆ ಕಾಣುತ್ತಂತೆ."

"ದೇವರು ದೊಡ್ಡವನು," ಎಂದ ಸೇಲ್ಸ್‌ಮನ್.

ಕಂಡಕ್ಟರ್ ಮರಳಿ ಬಂದಾಗ ಮೂಲೆಯ ಪುಟ್ಟ ಟಿವಿಯಲ್ಲಿ ದರ್ಬಾರು ನಡೆದಿತ್ತು. ಬಾಗಿಲಿನ ಬೆಳಕು ಅದರ ಮೇಲೆ ಬಿದ್ದು, ಮೂರನೆಯ ಸೈನಿಕ ಯಾರ ಮನೆಯ ಮಗ ಬೇಕಾದರೂ ಆಗುವಂತಿದ್ದ.

"ಇದೇನಿದು, ಇಷ್ಟು ಚಿಕ್ಕದು?"

"ಹಳೇ ಸಿನಿಮಾಗೆ ಇದೇ ಸರಿ ಸಾರ್. ದೊಡ್ಡದ್ರಲ್ಲಿ ಮುಖ ಹಿಗ್ಗಿ ವಯಸ್ಸು ಜಾಸ್ತಿ ಕಾಣುತ್ತೆ."

ಕಂಡಕ್ಟರ್ ಬಗ್ಗಿ ಟಿವಿ ನೋಡಿದರು. ಸೇಲ್ಸ್‌ಮನ್‌ನನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಕೆ ಪಕ್ಕದ ವಾಷಿಂಗ್ ಮೆಷಿನ್ ಮೇಲಿನ ಚೀಟಿಯನ್ನು ಭಕ್ತಿಯಿಂದ ಓದುತ್ತಿದ್ದರು.

"ಹಲ್ಲೂ ಉದುರಿಸಿಬಿಡುತ್ತೆ, ಅಲ್ವಾ?"

"ಉದುರಿಸುತ್ತೆ ಸಾರ್. ಎಷ್ಟೋ ಕಂಪ್ಲೇಂಟ್ ಬಂದಿವೆ."

"ಹಾಗಾದ್ರೆ ಇದನ್ನೇ ಕಟ್ಟಿ!" ದನಿ ಮತ್ತೆ ಕೊನೆಯ ಸೀಟಿಗೆ ತಲುಪಿತು.

ಸೇಲ್ಸ್‌ಮನ್ ಟಿವಿಯನ್ನೂ ಸಾದಾ ಪ್ಲೇಯರನ್ನೂ ರಟ್ಟಿನ ಪೆಟ್ಟಿಗೆಗೆ ಇಳಿಸಿ ಟೇಪ್ ಸುತ್ತುವಾಗ, ಅಂಗಡಿಯ ಉಳಿದವರು ಒಬ್ಬೊಬ್ಬರಾಗಿ ಊಟ ಮುಗಿಸಿ ಬಾಯಿ ಒರೆಸುತ್ತ ವಾಪಸು ಬರುತ್ತಿದ್ದರು. ಅವನ ಸರದಿ ಎಂದೋ ದಾಟಿಹೋಗಿತ್ತು. ಟಿವಿ ಆಯ್ಕೆ ಮಾಡಲು ಇಡೀ ದಿನ ಬೇಕೆಂದು ಗಂಡ ಹೇಳಿದ್ದರಿಂದ ಹೆಂಡತಿ ಇಬ್ಬರಿಗೂ ಬುತ್ತಿ ಕಟ್ಟಿ ತಂದಿದ್ದರು. ಕಂಡಕ್ಟರ್ ಆಕೆಯ ಚೀಲಕ್ಕೆ ತಾವೇ ಕೈ ಹಾಕಿ ಒಂದು ಊಟದ ಡಬ್ಬಿ ತೆಗೆದರು. ಅದನ್ನು ಸೇಲ್ಸ್‌ಮನ್‌ನ ಕೈಗಿಟ್ಟು, ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡರು.